ಗೋಡೆಗೆ ಒರಗಿದ ಕೋಣೆ

ಜನವರಿ 11

ನಾದಿನಿಗೆ ಅತ್ತಿಗೆಯ ಶುಭಾಶಯಗಳು.

ನಾವು ಇಲ್ಲಿ ಕ್ಷೇಮ. ನಿನ್ನ ಆಸ್ಪತ್ರೆಯ ಡಾಕ್ಟ್ರಮ್ಮ ಬರೆದ ಕಾಗದ ಕಳೆದ ವಾರ ಬಂತು. ನಿನ್ನ ಮನಸ್ಸಿನ ಆರೋಗ್ಯ ಬಹಳ ಸುಧಾರಿಸಿದೆಯಂತೆ. ಮನೆಯವರು ಒಪ್ಪಿದರೆ ಇನ್ನು ಮನೆಯಲ್ಲೇ ಇರಬಹುದು, ಮಾತ್ರೆ ಮಾತ್ರ ತಪ್ಪಿಸಬಾರದು ಎಂದಿದ್ದಾರೆ. ನಿಮ್ಮಣ್ಣ ಎರಡು ಸಲ ಓದಿ, ಮಡಿಸಿ, ರೇಡಿಯೋ ಕೆಳಗಿಟ್ಟು ಡ್ಯೂಟಿಗೆ ಹೋದರು. ಬಸ್ಸು ಓಡಿಸುವವರಿಗೆ ಮೊದಲೇ ಮಾತು ಕಡಿಮೆ. ಈಗೀಗ ಅದೂ ಇಲ್ಲ.

ಮನೆ ಎಷ್ಟಿದೆ ಎಂದು ನಿನಗೆ ಗೊತ್ತು. ನೀನಿದ್ದ ಕೋಣೆ ಈಗ ಪುಟ್ಟಿಯದು. ಒಂದನೇ ಕ್ಲಾಸಿಗೆ ಹೋಗುತ್ತಾಳೆ, ಗೋಡೆಯ ತುಂಬ ಅವಳ ಗೀಚಾಟ. ಅದಕ್ಕೇ ಅಡುಗೆಮನೆಯ ಹಿಂದಿನ ಗೋಡೆಗೆ ಒರಗಿಸಿ ಒಂದು ಶೀಟಿನ ಕೋಣೆ ಇಳಿಸೋಣ ಎಂದು ಯೋಚಿಸಿದ್ದೇವೆ. ಒಗೆಯುವ ಕಲ್ಲನ್ನು ಪಕ್ಕಕ್ಕೆ ಸರಿಸಿದರಾಯಿತು. ಅಲ್ಲಿದ್ದ ನೀರಿನ ತೊಟ್ಟಿ ಈಗಿಲ್ಲ. ಕಲ್ಲು, ಮಣ್ಣು ತುಂಬಿಸಿ ಮುಚ್ಚಿಸಿದ್ದೇವೆ. ಹಾಗಾಗಿ ಜಾಗ ಸಿಗುತ್ತದೆ.

ಮೇಸ್ತ್ರಿ ಬಂದು ನೋಡಿದ. ಅವನ ನಕ್ಷೆ ಎಂದರೆ ಕಾಲಿನ ಹೆಬ್ಬೆರಳಿನಿಂದ ನೆಲದ ಮೇಲೆ ಗೆರೆ ಎಳೆಯುವುದು. ಎಳೆದು ಮುಗಿಸುವಷ್ಟರಲ್ಲಿ ಬೆಕ್ಕು ಅದರ ಮೇಲೆ ನಡೆದುಹೋಯಿತು. ಅಲ್ಲಿಗೆ ಕೋಣೆಯೂ ಹೋಯಿತು. ನೀನು ಇಂಜಿನಿಯರ್ ಆಫೀಸಿನಲ್ಲಿ ನಕ್ಷೆ ಬರೆದವಳು. ನಿನ್ನ ಕೋಣೆ ನಿನ್ನ ಕೈಯಿಂದಲೇ ಆಗಲಿ. ಬರೆದು ಕಳಿಸು.

ಇತಿ,
ಅತ್ತಿಗೆ


ಜನವರಿ 27

ಅತ್ತಿಗೆಗೆ,

'ನಾದಿನಿಗೆ' ಎಂದು ಇದ್ದದ್ದನ್ನು ನೋಡಿ ಬೇರೆ ಯಾರದ್ದೋ ಕಾಗದ ನನ್ನ ಕೈಗೆ ಬಂತು ಅಂದುಕೊಂಡೆ. ಆಫೀಸಿನಲ್ಲಿ ಒಂದೇ ಮೇಜಿನ ಆಚೆ ಈಚೆ ಕೂತಿದ್ದಾಗ ನೀನು ನನಗೆ ಇಟ್ಟ ಹೆಸರು ಬೇರೆ ಇತ್ತು. ಇರಲಿ. ನೀನು ಬರೆದೆಯಲ್ಲ, ಅದೇ ದೊಡ್ಡದು.

ನಕ್ಷೆ ಇದರ ಜೊತೆಗಿದೆ. ಇಲ್ಲಿ ಪೆನ್ಸಿಲ್ಲು ಬೇಕೆಂದರೆ ದೊಡ್ಡ ನರ್ಸನ್ನು ಕೇಳಿ ತೆಗೆದುಕೊಂಡು ಸಂಜೆ ವಾಪಸ್ಸು ಕೊಡಬೇಕು. ಅಳತೆಪಟ್ಟಿ ಕೊಡುವುದಿಲ್ಲ. ಮಾತ್ರೆಯ ಡಬ್ಬದ ರಟ್ಟಿನ ಅಂಚು ಹಿಡಿದು ಗೆರೆ ಎಳೆದಿದ್ದೇನೆ. ನೇರವಾಗಿದೆ, ನೋಡು. ಕೈ ನಡುಗುತ್ತದೆ ಎಂದು ಹೆದರಿದ್ದೆ. ನಡುಗಲಿಲ್ಲ.

ಮೇಸ್ತ್ರಿಗೆ ಇಷ್ಟು ಹೇಳು. ಶೀಟಿನ ಚಾವಣಿ ಗೋಡೆಯ ಕಡೆ ಎತ್ತರ, ಹಿತ್ತಿಲ ಕಡೆ ತಗ್ಗು. ನೀರು ನಿಲ್ಲದೆ ಹರಿಯುವಷ್ಟು ವಾಟ ಇರಬೇಕು. ಆದರೆ ಪಕ್ಕದ ಮನೆಯವರ ಅಂಗಳಕ್ಕೆ ಬೀಳಬಾರದು. ಶೀಟು ಗೋಡೆಗೆ ಸೇರುವಲ್ಲಿ ಗೋಡೆಯನ್ನು ಸ್ವಲ್ಪ ಕೊರೆದು, ಶೀಟಿನ ಅಂಚು ಒಳಗೆ ಹೋಗುವಂತೆ ಕೂರಿಸಿ ಗಾರೆ ಮೆತ್ತಬೇಕು. ಬರೀ ಮೇಲಿಂದ ಮೆತ್ತಿದರೆ ಎರಡನೇ ಮಳೆಗೆ ಬಿರುಕು ಬಿಟ್ಟು ಅಡುಗೆಮನೆಯ ಗೋಡೆಯೆಲ್ಲ ಒದ್ದೆಯಾಗುತ್ತದೆ.

ತೊಟ್ಟಿ ಇದ್ದ ಜಾಗವನ್ನು ಚುಕ್ಕೆ ಹಾಕಿ ತೋರಿಸಿದ್ದೇನೆ. ನೆನಪಿನಿಂದ ಹಾಕಿದ್ದು. ತಪ್ಪಿದ್ದರೆ ತಿದ್ದು. ತುಂಬಿದ ಮಣ್ಣು ಕೂರಲು ವರ್ಷಗಳು ಬೇಕು, ಅದರ ಮೇಲೆ ಪಾಯ ಹಾಕಬಾರದು. ಆಚೆಯಿಂದ ಈಚೆಗೆ ಕಾಂಕ್ರೀಟಿನ ತೊಲೆ ಹಾಯಿಸಿ ಅದರ ಮೇಲೆ ಗೋಡೆ ಏಳಲಿ.

ಕೊನೆಯದಾಗಿ ಬಾಗಿಲು. ಹಿತ್ತಿಲ ಕಡೆ ಒಂದು. ಇನ್ನೊಂದು ಅಡುಗೆಮನೆಗೆ. ಅಲ್ಲಿ ಈಗಿರುವ ಕಿಟಕಿಯನ್ನೇ ಬಾಗಿಲು ಮಾಡಬಹುದು. ನೀವೆಲ್ಲ ಏಳುವ ಮೊದಲೇ ಬಂದು ಒಲೆ ಹಚ್ಚಿ ಚಹಾಕ್ಕೆ ಇಟ್ಟಿರುತ್ತೇನೆ. ನಿನಗೆ ಬೆಳಿಗ್ಗೆ ಏಳುವುದೆಂದರೆ ಯಾವತ್ತೂ ಕಷ್ಟ.

ಪುಟ್ಟಿ ಏನು ಗೀಚುತ್ತಾಳೆ?

ಇತಿ,
ನಿನ್ನ ನಾದಿನಿ


ಫೆಬ್ರವರಿ 16

ನಾದಿನಿಗೆ,

ನಕ್ಷೆ ತಲುಪಿತು. ಮೇಸ್ತ್ರಿ ಅದನ್ನು ತಲೆಕೆಳಗಾಗಿ ಹಿಡಿದು, "ಬರೆದೋರು ಯಾರಮ್ಮ? ಇಷ್ಟು ಚೆನ್ನಾಗಿ ಬರೆದುಕೊಟ್ರೆ ನಾನು ತಪ್ಪು ಮಾಡೋಕೆ ಜಾಗಾನೇ ಇಲ್ವಲ್ಲ" ಎಂದ.

ಅಡುಗೆಮನೆಯ ಬಾಗಿಲು ಮಾತ್ರ ಆಗುವುದಿಲ್ಲವಂತೆ. ಹಳೇ ಗೋಡೆ, ಒಡೆದರೆ ಮೇಲಿನ ಭಾರ ಕೂತುಬಿಡುತ್ತದೆ ಎನ್ನುತ್ತಾನೆ. ಕಿಟಕಿಯನ್ನೂ ಇಟ್ಟಿಗೆ ಇಟ್ಟು ಮುಚ್ಚಿಬಿಡುವುದು ಒಳ್ಳೆಯದಂತೆ. ಹಿತ್ತಿಲ ಬಾಗಿಲು ಇದ್ದೇ ಇರುತ್ತದೆ. ಓಡಾಡಲು ಅದೇ ಸಾಕು. ಊಟ ಅಲ್ಲಿಗೇ ತಂದುಕೊಡುತ್ತೇನೆ.

ಇಲ್ಲಿ ಎಲ್ಲರೂ ಕ್ಷೇಮ.

ಇತಿ,
ಅತ್ತಿಗೆ


ಫೆಬ್ರವರಿ 24

ಅತ್ತಿಗೆಗೆ,

ಆ ಕಿಟಕಿಯ ಮೇಲೆ ಆಗಲೇ ಲಿಂಟಲ್ ಇದೆ. ಅಪ್ಪ ಮನೆ ಕಟ್ಟಿಸುವಾಗ ನಾನೇ ನಿಂತು ನೋಡಿದ್ದೇನೆ. ಮೇಲಿನ ಭಾರವನ್ನೆಲ್ಲ ಅದೇ ಹೊತ್ತಿದೆ. ಕಿಟಕಿಯ ಕೆಳಗಿರುವ ಮೋಟು ಗೋಡೆಯನ್ನಷ್ಟೇ ತೆಗೆದರೆ ಬಾಗಿಲಾಗುತ್ತದೆ. ಮನೆಗೆ ಅದು ಗೊತ್ತೂ ಆಗುವುದಿಲ್ಲ. ಮೊದಲ ವರ್ಷ ಕೆಲಸ ಕಲಿತ ಮೇಸ್ತ್ರಿಗೂ ಇದು ತಿಳಿದಿರುತ್ತದೆ. ಅವನು ಸುಳ್ಳು ಹೇಳಿದ ಎನ್ನುತ್ತಿಲ್ಲ. ಅವನ ಬಾಯಿಂದ ಹೇಳಿಸಿರಬಹುದು ಎನ್ನುತ್ತಿದ್ದೇನೆ.

ಕಿಟಕಿ ಮುಚ್ಚಿದರೆ ನಿನ್ನ ಅಡುಗೆಮನೆಗೆ ಬೆಳಕು ಎಲ್ಲಿಂದ ಬರುತ್ತದೆ? ಹೊಗೆ ಎಲ್ಲಿಗೆ ಹೋಗುತ್ತದೆ? ನನ್ನಿಂದಾಗಿ ನೀನು ಹಗಲು ಹೊತ್ತಿನಲ್ಲಿ ದೀಪ ಹಾಕಿಕೊಂಡು, ಕೆಮ್ಮಿಕೊಂಡು ಬೇಯಿಸುವುದು ನನಗೆ ಬೇಡ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಇಲ್ಲಿ ಎಲ್ಲರೂ ನನ್ನ ಹತ್ತಿರ ಹಾಗೆಯೇ ಮಾತಾಡುತ್ತಾರೆ, ಮೆತ್ತಗೆ, ಸುತ್ತು ಬಳಸಿ. ನೀನು ಹಾಗೆ ಮಾತಾಡಿದವಳಲ್ಲ. ಏನಿದೆಯೋ ಅದನ್ನು ಬರೆ. ಕಾಗದ ಓದಿ ಕೂಗಾಡುವ ಸ್ಥಿತಿಯಲ್ಲಿ ನಾನೀಗ ಇಲ್ಲ.

ಇತಿ,
ನಿನ್ನ ನಾದಿನಿ


ಮಾರ್ಚ್ 20

ಪ್ರೀತಿಯ ಸ್ಕೇಲು,

ಈ ಹೆಸರು ಬರೆದು ಎಷ್ಟು ಕಾಲವಾಯಿತು. ಗೆರೆ ಎಳೆದ ಹಾಗೆ ನಡೆಯುತ್ತಿದ್ದೆ, ಗೆರೆ ಎಳೆದ ಹಾಗೆ ಮಾತಾಡುತ್ತಿದ್ದೆ. ಈಗಲೂ ಹಾಗೆಯೇ ಬರೆದಿದ್ದೀಯ. ಉತ್ತರ ಬರೆಯಲು ಕೂತು ನಾಲ್ಕು ಸಲ ಹರಿದು ಹಾಕಿದೆ.

ಬಾಗಿಲು ಬೇಡ ಎಂದದ್ದು ಮೇಸ್ತ್ರಿಯಲ್ಲ. ನಾನು. "ಆಗಲ್ಲ ಅಂತ ಹೇಳಿಬಿಡಿ" ಎಂದು ಅವನಿಗೆ ನಾನೇ ಹೇಳಿಕೊಟ್ಟೆ. ಪಾಪ, ಅವನು ಗೋಡೆಯನ್ನು ತಟ್ಟಿ ನೋಡಿ ಸುಳ್ಳಿಗೂ ಒಂದು ಮರ್ಯಾದೆ ತಂದ.

ನಿನಗೆ ಆ ಮಧ್ಯಾಹ್ನದ್ದು ಎಷ್ಟು ನೆನಪಿದೆಯೋ ತಿಳಿಯದು. ಡಾಕ್ಟ್ರಮ್ಮ ನೆನಪಿಲ್ಲ ಎನ್ನುತ್ತಾರೆ. ನನಗಿದೆ. ನಾನು ಬೀದಿಯಲ್ಲಿ ತರಕಾರಿ ಗಾಡಿಯ ಹತ್ತಿರ ನಿಂತಿದ್ದೆ. ಒಳಗೆ ಬಂದರೆ ಕೂಸು ಪುಟ್ಟಿ ಮಲಗಿದ್ದ ಚಾಪೆ ಖಾಲಿ. ಹಿತ್ತಿಲಿಗೆ ಓಡಿದೆ. ನೀನು ತೊಟ್ಟಿಯ ಅಂಚಿನಲ್ಲಿ ಕೂತು ಎರಡೂ ತೋಳುಗಳನ್ನು ನೀರಿನಲ್ಲಿ ಅದ್ದಿಕೊಂಡಿದ್ದೆ. ನನ್ನನ್ನು ನೋಡಿ, "ಮನೆಗೆ ಬೆಂಕಿ ಬಿದ್ದಿದೆ. ಮಗೂನ ತಣ್ಣಗೆ ಇಟ್ಟಿದ್ದೀನಿ. ನೀನೂ ಬಾ" ಎಂದೆ. ಎಷ್ಟು ಪ್ರೀತಿಯಿಂದ ಕರೆದೆ ಗೊತ್ತಾ? ಅದೇ ನನಗೆ ಮರೆಯಲಾಗದ್ದು. ಕೋಪದಿಂದ ಮಾಡಿದ್ದರೆ ನಾನೂ ಕೋಪ ಮಾಡಿಕೊಂಡು, ಶಪಿಸಿ, ಒಂದು ದಿನ ಸುಮ್ಮನಾಗುತ್ತಿದ್ದೆನೇನೋ. ಪ್ರೀತಿಯಿಂದ ಮಾಡಿದ್ದಕ್ಕೆ ಏನು ಮಾಡಲಿ? ನೀನು ನಕ್ಕರೂ ಹೆದರಿಕೆ, ಮಗುವನ್ನು ಮುದ್ದಿಸಿದರೂ ಹೆದರಿಕೆ.

ಪುಟ್ಟಿ ಉಳಿದಳು. ನೀಲಿಯಾಗಿದ್ದ ಮಗುವನ್ನು ತಲೆಕೆಳಗೆ ಹಿಡಿದು ಬೆನ್ನಿಗೆ ಬಡಿದವರು ಪಕ್ಕದ ಮನೆಯ ಅಜ್ಜಿ. ನಾನು ತರಕಾರಿ ಚೀಲ ಹಿಡಿದುಕೊಂಡೇ ನಿಂತಿದ್ದೆ. ಇವತ್ತಿಗೂ ತಲೆಗೆ ನೀರು ಹಾಕಿದರೆ ಕಿರುಚುತ್ತಾಳೆ. ಏಕೆಂದು ಅವಳಿಗೆ ಗೊತ್ತಿಲ್ಲ. ನಾವು ಹೇಳಿಲ್ಲ.

ನೀನು ಕಾಯಿಲೆಯಿಂದ ಮಾಡಿದ್ದು ಎಂದು ತಲೆಗೆ ಗೊತ್ತು. ಮೈಗೆ ಗೊತ್ತಿಲ್ಲ. ನಿನ್ನ ಅಕ್ಷರ ಕಂಡರೆ ಮೊದಲು ಪುಟ್ಟಿ ಎಲ್ಲಿದ್ದಾಳೆ ಎಂದು ಹುಡುಕುತ್ತೇನೆ. ನೀನು ಅಲ್ಲೇ ಕೊಳೆಯಬೇಕು ಎಂದೂ ನನಗಿಲ್ಲ. ಇವೆರಡರ ನಡುವೆ ಒಂದು ಶೀಟಿನ ಕೋಣೆ ಕಟ್ಟುವಷ್ಟು ಜಾಗ ಮಾತ್ರ ನನ್ನಲ್ಲಿದೆ.

ಬಾಗಿಲು ಇಡಿಸುತ್ತೇನೆ. ಆದರೆ ಚಿಲಕ ನನ್ನ ಕಡೆ ಇರುತ್ತದೆ. ಅದನ್ನು ತೆಗೆಯುತ್ತೇನೆ ಎಂದು ಮಾತು ಕೊಡಲಾರೆ.

ಇತಿ,
ನಿನ್ನ ಗಡಿಬಿಡಿ


ಮಾರ್ಚ್ 29

ಪ್ರೀತಿಯ ಗಡಿಬಿಡಿ,

ಚಿಲಕ ನಿನ್ನ ಕಡೆಯೇ ಇರಲಿ. ಗಟ್ಟಿಯಾದದ್ದನ್ನೇ ಹಾಕಿಸು. ಬಾಗಿಲಿನ ಹಲಗೆಯೂ ದಪ್ಪವಿರಲಿ.

ನನ್ನ ಕಡೆಯೂ ಒಂದು ಹಾಕಿಸುತ್ತೀಯಾ? ನಿನ್ನ ಮೇಲಿನ ಸಿಟ್ಟಿಗಲ್ಲ. ಇಲ್ಲಿ ಯಾವ ಬಾಗಿಲಿಗೂ ಒಳಗಿನಿಂದ ಚಿಲಕವಿಲ್ಲ, ಬಚ್ಚಲಿಗೂ ಇಲ್ಲ. ಯಾರು ಯಾವಾಗ ಬೇಕಾದರೂ ತಳ್ಳಿಕೊಂಡು ಬರಬಹುದು. ಸ್ನಾನಕ್ಕೆ ಕೂತಾಗ ಒಂದು ಕಾಲನ್ನು ಬಾಗಿಲಿಗೆ ಒತ್ತಿ ಹಿಡಿದುಕೊಂಡೇ ಮೈ ತೊಳೆಯುವುದು ಅಭ್ಯಾಸವಾಗಿದೆ. ಇಲ್ಲಿಗೆ ಬಂದ ಮೇಲೆ ನಾನಾಗಿ ಒಂದು ಬಾಗಿಲನ್ನೂ ಹಾಕಿಕೊಂಡಿಲ್ಲ. ಒಂದು ಚಿಲಕ ನನ್ನ ಕೈಯಲ್ಲಿರಲಿ. ಹಾಕಬೇಕೆಂದಲ್ಲ, ಇರಲಿ.

ಆ ಮಧ್ಯಾಹ್ನ ನನಗೆ ನಿಜವಾಗಿ ನೆನಪಿಲ್ಲ. ನೀರು ತಣ್ಣಗಿದ್ದದ್ದು ಮಾತ್ರ ನೆನಪಿದೆ. ಉಳಿದದ್ದನ್ನು ಇವತ್ತು ನೀನು ಹೇಳಿದೆ. ಹೇಳಿದ್ದು ಒಳ್ಳೆಯದಾಯಿತು. ಇಷ್ಟು ದಿನ ಎಲ್ಲರೂ 'ಆ ಘಟನೆ' ಎನ್ನುತ್ತಿದ್ದರು. ಪುಟ್ಟಿ ನೀಲಿಯಾಗಿದ್ದಳು ಎಂದು ಒಬ್ಬರೂ ಹೇಳಿರಲಿಲ್ಲ.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲೆ ಕಾಣಿಸುತ್ತದೆ. ಆ ಪದ ಇಲ್ಲಿ ಸಾಲುವುದಿಲ್ಲ.

ಇತಿ,
ಸ್ಕೇಲು


ಮೇ 2

ಪ್ರೀತಿಯ ಸ್ಕೇಲು,

ಕೋಣೆ ಎದ್ದಿತು. ನೆಲಕ್ಕೆ ಸಿಮೆಂಟು ಹಾಕಿ ನೀರು ನಿಲ್ಲಿಸಿದ್ದಾರೆ. ಒಣಗಿದರೆ ಮುಗಿಯಿತು.

ಪಾಯ ತೋಡುವಾಗ ನಾನು ಹಿತ್ತಿಲಿಗೆ ಹೋಗಲಿಲ್ಲ. ತೊಟ್ಟಿಗೆ ತುಂಬಿಸಿದ್ದ ಕಲ್ಲು ಒಂದು ಮೊಳ ಕೆಳಗೆ ಕೂತಿತ್ತಂತೆ. "ಅಕ್ಕ ಬರೆದದ್ದು ಸರಿ. ಮೇಲೇ ಕಟ್ಟಿದ್ದಿದ್ರೆ ಗೋಡೆ ಬಾಯಿ ಬಿಡ್ತಿತ್ತು" ಎಂದು ಮೇಸ್ತ್ರಿ ಕೂಗಿ ಹೇಳಿದ. ತೊಲೆ ಹಾಯಿಸಿದ್ದಾನೆ. ಶೀಟಿನ ಅಂಚನ್ನು ಗೋಡೆಯೊಳಕ್ಕೆ ಕೂರಿಸಿದ್ದಾನೆ. ನೆಲಕ್ಕೆ ಮಾತ್ರ, "ಇದಕ್ಕೇನ್ ಭಾರ ಬರುತ್ತಮ್ಮ, ಒಂದು ಮಂಚ, ಒಂದು ಮನುಷ್ಯ" ಎಂದು ತುಂಬಿದ ಮಣ್ಣಿನ ಮೇಲೇ ಸುರಿದಿದ್ದಾನೆ. ನೀನಿದ್ದಿದ್ದರೆ ಬಿಡುತ್ತಿರಲಿಲ್ಲ.

ಅಡುಗೆಮನೆಯ ಬಾಗಿಲು ಕೂತಿದೆ. ಎರಡೂ ಕಡೆ ಚಿಲಕ. ಹಾಕುವಾಗ ಬಡಗಿ ನನ್ನ ಮುಖವನ್ನೇ ನೋಡುತ್ತಿದ್ದ. "ಯಾವ ಕಡೆಯವರು ಯಾವ ಕಡೆಯವರಿಗೆ ಹೆದರಬೇಕಮ್ಮ?" ಎಂದು ಕೇಳಿದ. ತಮಾಷೆಗೆ ಕೇಳಿದ್ದು. ನನಗೆ ನಗು ಬರಲಿಲ್ಲ.

ನಿಮ್ಮಣ್ಣ ಈವರೆಗೆ ಒಂದು ಸಲವೂ ಕೋಣೆಯೊಳಗೆ ಕಾಲಿಟ್ಟಿಲ್ಲ. ಬಣ್ಣ ಯಾವುದು ಬಳಿಸಲಿ ಎಂದು ಕೇಳಿದರೆ, "ನೀನು ಮಾಡ್ತಿದ್ದೀಯಲ್ಲ, ಮಾಡು. ನನ್ನನ್ನೇನೂ ಕೇಳಬೇಡ" ಎಂದರು. ಆದರೂ ಡಾಕ್ಟ್ರಮ್ಮನಿಗೆ ಒಪ್ಪಿಗೆ ಬರೆದು ಸಹಿ ಹಾಕಿದ್ದಾರೆ. ಹದಿನಾಲ್ಕನೇ ತಾರೀಖು ರಜೆ ಹಾಕಿ ನಿನ್ನನ್ನು ಕರೆತರಲು ಅವರೇ ಬರುತ್ತಾರೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಸಿದ್ಧವಾಗಿರು.

ಪುಟ್ಟಿಗೆ, "ಅತ್ತೆ ಬರುತ್ತಾಳೆ. ಅವಳಿಗೆ ಕಾಯಿಲೆ ಇತ್ತು, ಈಗ ಗುಣವಾಗಿದೆ. ನಾನು ಹೇಳದೆ ಹಿತ್ತಿಲಿಗೆ ಹೋಗಬಾರದು" ಎಂದಿದ್ದೇನೆ. "ಅಂಟೋ ಕಾಯಿಲೆನಾ?" ಎಂದು ಕೇಳಿದಳು. ಅಲ್ಲ ಎಂದೆ. "ಮತ್ತೆ ಯಾಕೆ ಹೋಗಬಾರದು?" ಎಂದಳು. ಗದರಿಬಿಟ್ಟೆ.

ಗೋಡೆಗೆ ಬಿಳಿ ಸುಣ್ಣವನ್ನೇ ಬಳಿಸಿದೆ.

ಇತಿ,
ಗಡಿಬಿಡಿ


ಮೇ 16

ಪ್ರೀತಿಯ ಗಡಿಬಿಡಿ,

ನಾನಿನ್ನೂ ಇಲ್ಲೇ ಇದ್ದೇನೆ. ನೀನು ಗಾಬರಿಯಾಗಿರುತ್ತೀಯ ಎಂದು ಬರೆಯುತ್ತಿದ್ದೇನೆ.

ಹದಿನಾಲ್ಕರಂದು ಬೆಳಿಗ್ಗೆಯೇ ತಲೆ ಬಾಚಿ, ಪೆಟ್ಟಿಗೆ ಕಟ್ಟಿಕೊಂಡು ಗೇಟಿನ ಒಳಗಿನ ಬೆಂಚಿನ ಮೇಲೆ ಕೂತೆ. ವಾರ್ಡಿನವರೆಲ್ಲ ಕೈ ಹಿಡಿದು ಬೀಳ್ಕೊಟ್ಟಿದ್ದರು. ಒಬ್ಬಳು ತನ್ನ ಬಾಚಣಿಗೆಯನ್ನೇ ಕೊಟ್ಟಳು. ಗೇಟಿನ ಸರಳುಗಳ ಆಚೆ ರಸ್ತೆ, ರಸ್ತೆಯ ಆಚೆ ಚಹಾದಂಗಡಿ. ಹತ್ತರ ಬಸ್ಸು ಬಂತು, ಹೋಯಿತು. ಬಸ್ಸು ಹೋದ ಮೇಲೆ ಅಂಗಡಿಯ ಮುಂದೆ ಅಣ್ಣ ನಿಂತಿದ್ದ.

ಅವನೇ. ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುವ ರೀತಿ ನನಗೆ ಗೊತ್ತಿಲ್ಲವೇ. ಒಂದು ಚಹಾ ಕುಡಿದ. ಇನ್ನೊಂದು ತೆಗೆದುಕೊಂಡ, ಅದನ್ನು ಕುಡಿಯಲಿಲ್ಲ, ಹಿಡಿದುಕೊಂಡೇ ನಿಂತಿದ್ದ. ಗೇಟಿನ ಕಡೆ ನೋಡಿದ. ರಸ್ತೆಯಲ್ಲಿ ವಾಹನವೇನೂ ಇರಲಿಲ್ಲ. ಆರಾಮವಾಗಿ ದಾಟಬಹುದಿತ್ತು. ಲೋಟ ಕೆಳಗಿಟ್ಟು ವಾಪಸ್ಸು ಹೋಗುವ ಬಸ್ಸು ಹತ್ತಿದ.

ಕೂಗಬೇಕು ಅನ್ನಿಸಿತು. ಬಾಯಿಯವರೆಗೆ ಬಂತು. ಆದರೆ ಹುಚ್ಚಾಸ್ಪತ್ರೆಯ ಗೇಟಿನ ಒಳಗಿನಿಂದ ಒಬ್ಬ ಹೆಂಗಸು ರಸ್ತೆಯ ಕಡೆ ಕೂಗಿದರೆ ಯಾರು ತಿರುಗಿ ನೋಡುತ್ತಾರೆ? ನೋಡಿದರೂ ಏನು ಅಂದುಕೊಳ್ಳುತ್ತಾರೆ? ಸುಮ್ಮನೆ ಕೂತೆ. ಊಟದ ಗಂಟೆ ಹೊಡೆದಾಗ ದೊಡ್ಡ ನರ್ಸು ಬಂದು ಪೆಟ್ಟಿಗೆ ಎತ್ತಿಕೊಂಡು, "ನಡಿ, ಅನ್ನ ಆರುತ್ತೆ" ಎಂದರು. ಬಾಚಣಿಗೆ ವಾಪಸ್ಸು ಕೊಟ್ಟೆ.

ಅವನನ್ನು ಬಯ್ಯಬೇಡ.

ಇತಿ,
ಸ್ಕೇಲು


ಮೇ 19

ಸ್ಕೇಲು,

ಆ ದಿನ ಸಂಜೆ ಮನೆಗೆ ಬಂದು, "ಡಾಕ್ಟರು ಬಿಡಲ್ಲ ಅಂದ್ರು. ಇನ್ನೂ ಎರಡು ತಿಂಗಳು ಇರಬೇಕಂತೆ" ಎಂದಿದ್ದರು. ನಾನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಒಳಗೆಲ್ಲೋ ಹಗುರವೂ ಆಗಿತ್ತು. ಅದನ್ನೂ ಬರೆದುಬಿಡುತ್ತೇನೆ.

ನಿನ್ನ ಕಾಗದವನ್ನು ಊಟದ ತಟ್ಟೆಯ ಪಕ್ಕ ಇಟ್ಟೆ. ಓದಿದರು. ತಟ್ಟೆಯಲ್ಲೇ ಕೈ ತೊಳೆದರು. ಆಮೇಲೆ ಹೇಳಿದರು: "ನೀನು ತಾಯಿ. ಹೆದರಿಕೆ ಆಗುತ್ತೆ ಅಂತ ನೀನು ಹೇಳಬಹುದು, ಎಲ್ಲರೂ ಹೌದು ಅಂತಾರೆ. ನಾನು ಅವಳ ಅಣ್ಣ. ನಾನು ಯಾರ ಹತ್ತಿರ ಹೇಳಲಿ? ದಿನಾ ಐವತ್ತು ಜನರನ್ನ ಕೂರಿಸಿಕೊಂಡು ಘಾಟಿ ಇಳಿಸ್ತೀನಿ, ಕೈ ನಡುಗಲ್ಲ. ಆ ರಸ್ತೆ ದಾಟೋಕೆ ಆಗಲಿಲ್ಲ ಕಣೇ."

ಬಯ್ಯಬೇಕೆಂದಿದ್ದೆ. ಆಗಲಿಲ್ಲ. ಇಷ್ಟು ವರ್ಷ ಅವರ ಮೌನವನ್ನು ಕಲ್ಲು ಎಂದುಕೊಂಡಿದ್ದೆ. ಅದರೊಳಗೂ ನನ್ನದೇ ಹೆದರಿಕೆ ಕೂತಿತ್ತು.

ಗುರುವಾರ ನಾನೇ ಬರುತ್ತೇನೆ. ಪುಟ್ಟಿಯನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಟ್ಟು ಮೊದಲ ಬಸ್ಸು ಹತ್ತುತ್ತೇನೆ. ನಿನ್ನನ್ನು ನೋಡಿದಾಗ ನನಗೆ ಏನಾಗುತ್ತದೋ ಗೊತ್ತಿಲ್ಲ. ಅಪ್ಪಿಕೊಳ್ಳುತ್ತೇನೆ ಎಂದುಕೊಳ್ಳಬೇಡ. ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತೇನೆ. ಅಷ್ಟು ಮಾತ್ರ ಹೇಳಬಲ್ಲೆ.

ಗಡಿಬಿಡಿ


ಆಗಸ್ಟ್ 23, ಮಧ್ಯಾಹ್ನ

ಗಡಿಬಿಡಿ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದೇನೆ ಎಂದು ನಗಬೇಡ. ಬಾಗಿಲಿನ ಕೆಳಗಿನಿಂದ ತಳ್ಳುತ್ತಿದ್ದೇನೆ. ತಟ್ಟೆ ಕೊಡುವಾಗ, ತೆಗೆದುಕೊಳ್ಳುವಾಗ ನಾವಿಬ್ಬರೂ ಸೋಪು, ಮಾತ್ರೆ, ಮಳೆ ಇಷ್ಟನ್ನೇ ಮಾತಾಡುವುದು. ಇದನ್ನು ಬಾಯಲ್ಲಿ ಹೇಳಲು ಬರುವುದಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಈ ಮೂರು ತಿಂಗಳು ನಾನು ಚೆನ್ನಾಗಿದ್ದೆ. ನಿನ್ನ ಚಿಲಕ ತೆಗೆಯಲಿಲ್ಲ ಎಂದು ಒಂದು ದಿನವೂ ನನಗೆ ಸಿಟ್ಟು ಬಂದಿಲ್ಲ. ಬಾಗಿಲಿನ ಈಚೆ ಕೂತರೆ ಆಚೆ ನೀನು ಪಾತ್ರೆ ಬೀಳಿಸುವುದು, ನಿನಗೆ ನೀನೇ ಬಯ್ದುಕೊಳ್ಳುವುದು, ಪುಟ್ಟಿ ಅಡುಗೆಮನೆಯ ನೆಲದಲ್ಲಿ ಕೂತು ಲೆಕ್ಕ ಮಾಡುವುದು ಎಲ್ಲ ಕೇಳಿಸುತ್ತದೆ. ಹೋದ ವಾರ ಅವಳು ಬಾಗಿಲಿನ ಸಂದಿಗೆ ಬಾಯಿಟ್ಟು, "ಅತ್ತೆ, ಏಳೂ ಎಂಟೂ ಸೇರಿಸಿದ್ರೆ ಎಷ್ಟು?" ಎಂದು ಪಿಸುಗುಟ್ಟಿದಳು. ನಿನ್ನನ್ನು ಕೇಳದೆ ಉತ್ತರ ಹೇಳಬಾರದು ಎಂದು ಬಾಯಿಗೆ ಸೆರಗು ಒತ್ತಿಕೊಂಡೆ. "ಅತ್ತೆ ಮಲಗಿದ್ದಾಳೆ" ಎಂದು ಅವಳೇ ಹೇಳಿಕೊಂಡು ಬೆರಳು ಎಣಿಸಿದಳು. ಹದಿನಾಲ್ಕು ಬಂತು ಅವಳಿಗೆ. ತಪ್ಪು. ತಿದ್ದಿಬಿಡು.

ಈಗ ಕೆಟ್ಟದ್ದು. ಮೂರು ದಿನದಿಂದ ನನಗೆ ನಿದ್ದೆ ಬಂದಿಲ್ಲ. ಮಾತ್ರೆ ತಪ್ಪಿಸಿಲ್ಲ, ಡಬ್ಬ ನೋಡು ಬೇಕಾದರೆ. ನಿನ್ನೆಯಿಂದ ಹೊಗೆಯ ವಾಸನೆ. ಮೊದಲು ನಿನ್ನ ಒಲೆ ಅಂದುಕೊಂಡೆ. ಇವತ್ತು ನೀನು ಒಲೆ ಹಚ್ಚುವ ಮೊದಲೇ ಬಂತು. ಹಿತ್ತಿಲಿಗೆ ಹೋಗಿ ನೋಡಿದೆ, ಬೇಲಿಯ ಆಚೆ ನೋಡಿದೆ, ಎಲ್ಲೂ ಏನೂ ಇಲ್ಲ. ಇಲ್ಲ ಎಂದು ಈಗ ಗೊತ್ತಾಗುತ್ತಿದೆ. ಇನ್ನೊಂದು ಗಂಟೆಯಾದ ಮೇಲೆ ಗೊತ್ತಾಗುತ್ತದೋ ಇಲ್ಲವೋ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ.

ಪುಟ್ಟಿ ಶಾಲೆಯಿಂದ ಬರುವಷ್ಟರಲ್ಲಿ ಅವಳನ್ನು ಬೇರೆ ಮನೆಗೆ ಕಳಿಸು. ಡಾಕ್ಟ್ರಮ್ಮನಿಗೆ ಫೋನು ಮಾಡಿಸು. ಹಿತ್ತಿಲ ಬಾಗಿಲಿಗೆ ಹೊರಗಿನಿಂದ ಬೀಗ ಹಾಕು. ನಿನ್ನ ಚಿಲಕ ಹಾಕಿಯೇ ಇರಲಿ. ನನ್ನದನ್ನೂ ಹಾಕಿಕೊಂಡಿದ್ದೇನೆ. ನಾನು ಆಮೇಲೆ ಪ್ರೀತಿಯಿಂದ ಏನಾದರೂ ಕರೆದರೆ ನಂಬಬೇಡ.

ಸ್ಕೇಲು


ಸೆಪ್ಟೆಂಬರ್ 15

ತಂಗಿಗೆ,

ನಿಮ್ಮತ್ತಿಗೆ ಬರೆ ಬರೆ ಎಂದು ಒಂದು ವಾರದಿಂದ ಹಿಂದೆ ಬಿದ್ದಿದ್ದಾಳೆ. ನನಗೆ ಬಸ್ಸಿನ ಟ್ರಿಪ್ ಶೀಟು ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ಆ ದಿನದ್ದು ನಿನಗೆ ನೆನಪಿರುವುದಿಲ್ಲ ಎಂದು ಡಾಕ್ಟ್ರಮ್ಮ ಹೇಳಿದರು. ಯಾರಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ನಿನಗೆ ಒಳ್ಳೆಯದು ಎಂದು ಇವಳು ಹೇಳುತ್ತಾಳೆ. ಅವಳೇ ಬರೆಯಬಹುದಿತ್ತು. ನೋಡಿದವರು ನೀವು, ನೀವೇ ಬರೆಯಿರಿ ಎಂದಳು.

ನಾನು ಬೆಳಗಿನ ಡ್ಯೂಟಿ ಮುಗಿಸಿ ಬಂದಾಗ ಮನೆಯ ಮುಂಬಾಗಿಲು ತೆರೆದೇ ಇತ್ತು. ಪುಟ್ಟಿ ಅಜ್ಜಿಯ ಮನೆಯಲ್ಲಿದ್ದಳು. ಇವಳು ಅಡುಗೆಮನೆಯ ನೆಲದಲ್ಲಿ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಪಕ್ಕದಲ್ಲಿ ನಿನ್ನ ಕಾಗದ. ಮೇಲೆ ನೋಡಿದರೆ ಈ ಕಡೆಯ ಚಿಲಕ ತೆಗೆದಿತ್ತು. ಆಸ್ಪತ್ರೆಗೆ ಫೋನು ಮಾಡಿಯಾಗಿತ್ತು. ಅಲ್ಲಿನ ಗಾಡಿ ಬರಲು ಇನ್ನೂ ಹೊತ್ತಿತ್ತು.

ನೀನು ಒಳಗಿನಿಂದ ಬಾಗಿಲು ಬಡಿಯುತ್ತಿದ್ದೆ. "ಬೆಂಕಿ, ಬೆಂಕಿ, ಪುಟ್ಟೀನ ಕರ್ಕೊಂಡು ಹೊರಗೆ ಹೋಗು" ಎನ್ನುತ್ತಿದ್ದೆ. ಕೂಗಾಟ ಅಲ್ಲ, ಬೇಡಿಕೊಂಡ ಹಾಗೆ. ಇವಳು, "ಪುಟ್ಟಿ ಹೊರಗಿದ್ದಾಳೆ ಕಣೇ. ಆಗಲೇ ಕಳಿಸಿದೆ. ನೀನು ಹೇಳಿದ್ದಕ್ಕೇ ಕಳಿಸಿದೆ" ಎನ್ನುತ್ತಿದ್ದಳು. ನೀನು ಮತ್ತೆ ಕೇಳುತ್ತಿದ್ದೆ. ಇವಳು ಮತ್ತೆ ಅದನ್ನೇ ಹೇಳುತ್ತಿದ್ದಳು. ಒಂದು ಸಲವೂ ಬೆಂಕಿ ಇಲ್ಲ ಎಂದು ವಾದ ಮಾಡಲಿಲ್ಲ, ಇದೆ ಎಂದೂ ಹೇಳಲಿಲ್ಲ. ನಡುವೆ ನಿಮ್ಮ ಆಫೀಸಿನ ಸುದ್ದಿ ಹೇಳಿದಳು. ಹೆಡ್ ಗುಮಾಸ್ತನ ಕುರ್ಚಿ ಮುರಿದದ್ದು, ನೀನು ಅದಕ್ಕೊಂದು ನಕ್ಷೆ ಬರೆದು ಗೋಡೆಗೆ ಅಂಟಿಸಿದ್ದು. ಹೇಳಿ ನಗುತ್ತಿದ್ದಳು, ಅಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನನ್ನು ಕಂಡು, "ನೀವೂ ಕೂತ್ಕೊಳ್ಳಿ" ಎಂದಳು. ಕೂತೆ.

ಗಾಡಿ ಬಂತು. ಹಿತ್ತಿಲ ಬಾಗಿಲಿನ ಬೀಗ ತೆಗೆದರೆ, ಅದಕ್ಕೆ ನೀನು ಒಳಗಿನಿಂದ ಮಂಚ ಒತ್ತಿಟ್ಟಿದ್ದೆ. ಆಸ್ಪತ್ರೆಯವರು ಇಬ್ಬರು, "ಬಾಗಿಲು ಒಡೆಯೋಣ, ಸರೀರಿ" ಎಂದರು. ಇವಳು ಎದ್ದು ನಿಂತು, "ಒಡೆಯೋದು ಬೇಡ. ಅವಳೇ ತೆಗೀತಾಳೆ" ಎಂದಳು. ಅವರು ಕೇಳುವ ಹಾಗಿರಲಿಲ್ಲ. ಆಗ ನಾನು ಅಡ್ಡ ನಿಂತೆ. ನಾನು ಮಾಡಿದ್ದು ಅಷ್ಟೇ. ಬಹಳ ಹೊತ್ತು ಕಾದೆವು. ಕೊನೆಗೆ ನೀನು ತೆಗೆದೆ.

ನೀನು ನಮ್ಮನ್ನು ಗುರುತಿಸಲಿಲ್ಲ. ಇವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಸುಟ್ಟಿಲ್ಲ ತಾನೇ?" ಎಂದು ಕೇಳಿದೆ. ಅವಳ ಮೈ ನಡುಗುವುದು ನನಗೆ ನಿಂತಲ್ಲಿಂದಲೇ ಕಾಣಿಸುತ್ತಿತ್ತು. ಆದರೂ ಮುಖ ತಿರುಗಿಸಲಿಲ್ಲ. ಗಾಡಿಯಲ್ಲಿ ನಿನ್ನ ಪಕ್ಕದಲ್ಲೇ ಕೂತು ಬಂದಳು.

ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ, ಡಾಕ್ಟ್ರಮ್ಮ ಒಳ್ಳೆಯ ಮಾತೇನೂ ಹೇಳಲಿಲ್ಲ. ಈ ಸಲ ಮಾತ್ರೆ ಬದಲಾಯಿಸಬೇಕು, ತಿಂಗಳುಗಳು ಹಿಡಿಯಬಹುದು, ಗುಣವಾದ ಮೇಲೂ ಮತ್ತೆ ಬರಬಹುದು, ಮತ್ತೆ ಮತ್ತೆ ಬರಬಹುದು ಎಂದರು. ಹೊರಗೆ ಬಂದ ಮೇಲೆ, "ಹಾಗಾದ್ರೆ ಆ ಕೋಣೆ?" ಎಂದು ಇವಳನ್ನು ಕೇಳಿದೆ. "ಕೋಣೆ ಎಲ್ಲಿಗೆ ಹೋಗುತ್ತೆ?" ಎಂದಳು.

ತೊಟ್ಟಿಯಿದ್ದ ಜಾಗದಲ್ಲಿ ನೆಲ ಬಿರುಕು ಬಿಟ್ಟು ಕುಸಿದಿದೆ. ಹೋದ ವಾರ ಮೇಸ್ತ್ರಿಯನ್ನು ಕರೆಸಿ ಇಡೀ ನೆಲ ಒಡೆಸಿದೆ. ಕಲ್ಲು ತೆಗೆದು, ಮತ್ತೆ ತುಂಬಿ, ನೀರು ಹಾಕಿ, ಬಡಿದು ದಮ್ಮಸು ಮಾಡಿದೆವು. ಕಲ್ಲು ಹೊತ್ತವನು ನಾನೇ. ನಾನು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ನಿನ್ನೆ ಮೇಸ್ತ್ರಿ ಮೇಲೆ ಹೊಸ ಸಿಮೆಂಟು ಹಾಕಿ, ಗಟ್ಟಿಯಾಗುವವರೆಗೆ ಯಾರೂ ಕಾಲಿಡಬಾರದು ಎಂದಿದ್ದಾನೆ. ಪುಟ್ಟಿ ಆಗಲೇ ಒಂದು ಹೆಜ್ಜೆ ಊರಿಬಿಟ್ಟಿದ್ದಾಳೆ. ಮೇಸ್ತ್ರಿ ಅಳಿಸಲು ಹೋದ. ಇವಳು ಬೇಡ ಎಂದಳು.

ನನಗೆ ಮಂಗಳವಾರ ರಜೆ. ಬರುತ್ತೇನೆ. ರಸ್ತೆ ದಾಟಿ ಗೇಟಿನ ಒಳಗೆ ಬರುತ್ತೇನೆ. ನನ್ನನ್ನು ನೋಡಲು ಮನಸ್ಸಿಲ್ಲದಿದ್ದರೆ ದೊಡ್ಡ ನರ್ಸಿಗೆ ಹೇಳಿಬಿಡು, ಬೇಜಾರಿಲ್ಲ. ಬೆಂಚಿನ ಮೇಲೆ ಊಟದ ಗಂಟೆಯವರೆಗೆ ಕೂತಿದ್ದು ವಾಪಸ್ಸು ಬರುತ್ತೇನೆ. ಅದರ ಮುಂದಿನ ಮಂಗಳವಾರ ಮತ್ತೆ ಬರುತ್ತೇನೆ.

ಇತಿ,
ನಿನ್ನ ಅಣ್ಣ